ಸುಣ್ಣದ ಗೆರೆಯ ಒಳಗೆ

ಗಾಡಿ ಖಾಲಿಯಾಗಿತ್ತು.

ಇದು ತನ್ನದಲ್ಲ, ಬೇರೆ ಯಾರದೋ ಇರಬೇಕು ಎಂದುಕೊಂಡು ಗುಜರಿಯವನು ಆಚೀಚೆ ನೋಡಿದ. ಕಾಲೇಜಿನ ಸಭಾಂಗಣದ ಮೆಟ್ಟಿಲ ಬಳಿ, ಮರದ ನೆರಳಿನಲ್ಲಿ ನಿಂತಿದ್ದದ್ದು ಅದೊಂದೇ ತಳ್ಳುಗಾಡಿ. ಬಲಗಡೆಯ ಚಕ್ರಕ್ಕೆ ಸೈಕಲ್ಲಿನ ಹಳೇ ಟೈರು ಸುತ್ತಿ ತಂತಿ ಬಿಗಿದವನು ಅವನೇ. ಹಿಡಿಗೆ ಸುತ್ತಿದ್ದ ನೀಲಿ ಬಟ್ಟೆ ಅವನ ಮನೆಯ ತಲೆದಿಂಬಿನದೇ. ಅನುಮಾನವೇ ಬೇಡ, ಗಾಡಿ ಅವನದು. ಅದರ ಮೇಲಿದ್ದ ಸಾಮಾನು ಮಾತ್ರ ಮಾಯ. ಸಾಲದ್ದಕ್ಕೆ ಯಾರೋ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಯೂ ಇಟ್ಟಿದ್ದರು. ಕಳ್ಳರು ಗಾಡಿ ಒರೆಸಿಟ್ಟು ಹೋಗುವುದನ್ನು ಅವನು ಈ ತನಕ ಕೇಳಿರಲಿಲ್ಲ.

"ತುಂಬಾ ಥ್ಯಾಂಕ್ಸ್ ಅಂಕಲ್!"

ಕೊರಳಿಗೆ ಸೀಟಿ ನೇತುಹಾಕಿಕೊಂಡ ಹುಡುಗಿಯೊಬ್ಬಳು ಮೆಟ್ಟಿಲಿಳಿದು ಓಡಿಬಂದಳು. ಬೆಳಗಿನಿಂದ ಸಭಾಂಗಣದ ತುಂಬ ಓಡಾಡುತ್ತ, ನೂಕುನುಗ್ಗಲಾದ ಕಡೆ ಸೀಟಿ ಊದುತ್ತ, ಈ ಇಡೀ ಗಲಾಟೆಯನ್ನು ನಡೆಸುತ್ತಿದ್ದವಳು ಅವಳೇ.

"ಬಕೆಟ್ ಎರಡೂ ಆಗ್ಲೇ ಹೋಯ್ತು. ಇಸ್ತ್ರಿ ಪೆಟ್ಟಿಗೆಗಂತೂ ಮೂರು ಜನ ಕಿತ್ತಾಡಿದ್ರು. ಒಬ್ರೇ ಇಷ್ಟೊಂದು ತಂದುಕೊಟ್ಟಿದ್ದು ಈ ಸಲ ನೀವೇ."

"ಯಾರು ಕೊಟ್ಟಿದ್ದು?"

"ನೀವೇ ಅಂಕಲ್!" ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಅವಳು ನಕ್ಕಳು. "ಗೆರೆ ಒಳಗೇ ನಿಲ್ಸಿದ್ರಲ್ಲ."

ಅವಳು ಕೈ ತೋರಿಸಿದ ಕಡೆ ಅವನು ನೋಡಿದ. ಗಾಡಿಯ ಸುತ್ತ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ದೊಡ್ಡದೊಂದು ಚೌಕ ಎಳೆದಿದ್ದರು. ಬರುವಾಗ ಅದು ಅವನ ಕಣ್ಣಿಗೆ ಬೀಳದೆ ಇರಲಿಲ್ಲ. ಯಾವುದೋ ಆಟಕ್ಕೆ ಹಾಕಿದ ಗೆರೆ ಎಂದುಕೊಂಡಿದ್ದ. ಈ ಮೇಳದ ನಿಯಮವೇ ಅದಂತೆ. ಗೆರೆಯ ಒಳಗೆ ಇಟ್ಟ ವಸ್ತು ಇಟ್ಟವರದಲ್ಲ, ಬೇಕಾದವರದು. ಯಾರು ಇಟ್ಟರು ಎಂದು ಕೇಳಬಾರದು, ಯಾಕೆ ಒಯ್ದೆ ಎಂದೂ ಕೇಳಬಾರದು. ಕೇಳಿದರೆ ಕೊಡುವವರಿಗೂ ಸಂಕೋಚ, ಒಯ್ಯುವವರಿಗೂ ಸಂಕೋಚ.

"ಗಾಡಿಗೂ ಒಬ್ರು ಕೈ ಹಾಕಿದ್ರು. ನಾನೇ ಬೇಡ ಅಂದೆ. ಅಂಕಲ್‌ಗೆ ವಾಪಸ್ ಹೋಗೋಕೆ ಬೇಕಾಗುತ್ತೆ ಅಂತ," ಎಂದು ಅವಳು ತಾನು ಮಾಡಿದ ಉಪಕಾರವನ್ನೂ ಹೇಳಿದಳು.

ಗುಜರಿಯವನು ಖಾಲಿ ಹಲಗೆಯ ಮೇಲೆ ಕೈಯಾಡಿಸಿದ.

ಅವನು ಬಂದದ್ದು ಈ ಹುಡುಗರಿಗೆ ಉಗಿಯುವುದಕ್ಕೆ. ವರ್ಷದ ಕೊನೆಯಲ್ಲಿ ಹಾಸ್ಟೆಲು ಬಿಟ್ಟು ಹೊರಡುವ ಹುಡುಗರು ಬಕೆಟ್ಟು, ಹಾಸಿಗೆ, ಮೇಜಿನ ದೀಪ, ನೀರು ಕಾಯಿಸುವ ಕೆಟಲ್ಲು ಎಲ್ಲವನ್ನೂ ಅವನ ಗಾಡಿಗೆ ಸುರಿದು ಹೋಗುತ್ತಿದ್ದರು. ಹೊಸ ವರ್ಷಕ್ಕೆ ಬರುವ ಹೊಸ ಹುಡುಗರು ಅದನ್ನೇ ಅವನ ಅಂಗಡಿಗೆ ಬಂದು ಕೊಳ್ಳುತ್ತಿದ್ದರು. ಒಂದೇ ಬಕೆಟ್ಟನ್ನು ನಾಲ್ಕು ತಲೆಮಾರಿನ ವಿದ್ಯಾರ್ಥಿಗಳಿಗೆ ಮಾರಿದವನು ಅವನು. ಈಗ ಎರಡು ವರ್ಷದಿಂದ ಈ ಹುಡುಗರು ತಾವು ತಾವೇ ಹಂಚಿಕೊಳ್ಳುತ್ತಾರಂತೆ. ಕಾಸಿಲ್ಲ, ಚೌಕಾಸಿಯಿಲ್ಲ. ಅವರು ಇಟ್ಟುಕೊಂಡ ಹೆಸರು ಹಂಚಿಕೆ ಮೇಳ. ಅವನು ಇಟ್ಟ ಹೆಸರು ಪುಗಸಟ್ಟೆ ಸಂತೆ. ನನ್ನ ಹೊಟ್ಟೆಯ ಮೇಲೆ ಹೊಡೆಯಲು ನಿಮಗೆ ಹೇಳಿಕೊಟ್ಟವರು ಯಾರು ಎಂದು ಕೇಳಬೇಕೆಂದೇ ಇವತ್ತು ಗಾಡಿಯನ್ನು ಈ ಕಡೆ ತಿರುಗಿಸಿದ್ದ.

ಬರುವಾಗ ಗೇಟಿನಲ್ಲಿ ವಾಚ್‌ಮನ್ ಅಡ್ಡಗಟ್ಟಿದ್ದ. ಅವರಿಬ್ಬರದು ಹಳೇ ಜಗಳ. ಗಾಡಿ ಒಳಗೆ ಬರಬಾರದು ಎಂದು ಅವನು, ಬಂದೇ ತೀರುತ್ತದೆ ಎಂದು ಇವನು. ಆದರೆ ಇವತ್ತು ವಾಚ್‌ಮನ್ ಎಂದೂ ಇಲ್ಲದ ಸೌಜನ್ಯ ತೋರಿಸಿ, "ಹೋಗು ಹೋಗು, ಇವತ್ತು ಎಲ್ಲರಿಗೂ ಬಾಗಿಲು ತೆರೆದಿದೆ. ಗಾಡಿ ಅಲ್ಲಿ ಮೆಟ್ಟಿಲ ಹತ್ರ ನಿಲ್ಸು, ನೆರಳಿದೆ. ಯಾರೂ ಮುಟ್ಟಲ್ಲ," ಎಂದಿದ್ದ.

ಯಾರೂ ಮುಟ್ಟಲ್ಲವಂತೆ!

ಒಳಗೆ ಹೋದರೆ ಅಲ್ಲಿಯೂ ಅವನ ಸಿಟ್ಟಿಗೆ ಜಾಗ ಸಿಗಲಿಲ್ಲ. ಉಗಿಯಲು ಹೋದವನ ಕೈಗೆ ಒಬ್ಬಳು ಬಟ್ಟೆಯ ಚೀಲ ಕೊಟ್ಟಳು, ಇನ್ನೊಬ್ಬ ಟೀ ಕೊಟ್ಟ. ಸಾಲು ಮೇಜುಗಳ ಮೇಲೆ ಸಾಮಾನು ರಾಶಿ. ಒಂದು ಕೆಟಲ್ಲನ್ನು ಎತ್ತಿ ತಿರುವಿ ನೋಡಿದ. ತಳದಲ್ಲಿ ಕೆಂಪು ಬಣ್ಣದ ಚುಕ್ಕೆ, ಅವನದೇ ಅಂಗಡಿಯ ಗುರುತು.

"ಇದೆಷ್ಟು?" ಎಂದ, ಅಭ್ಯಾಸಬಲದಿಂದ.

"ಏನೂ ಇಲ್ಲ ಅಂಕಲ್. ನಿಮಗೆ ಬೇಕಾ?"

ಬೇಕಾ ಎಂದರೆ ಏನು ಹೇಳುವುದು? ಆ ಕೆಟಲ್ಲು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯಿತು, ಮತ್ತೆ ಎಷ್ಟಕ್ಕೆ ಹೋದೀತು ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದ. ತನಗೆ ಬೇಕೋ ಬೇಡವೋ ಎಂದು ಯಾವ ವಸ್ತುವಿನ ಬಗ್ಗೆಯೂ ಅವನು ಯೋಚಿಸಿದವನಲ್ಲ. ಕೆಟಲ್ಲನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ, ಮತ್ತೆ ಇಟ್ಟ. ಕೊನೆಗೆ ತಲೆ ಚಿಟ್ಟು ಹಿಡಿದು, ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದ. ಬಂದು ನೋಡಿದರೆ ಹೀಗೆ.

ಬಕೆಟ್ಟು ಹೋದರೆ ಹೋಗಲಿ. ಇಸ್ತ್ರಿ ಪೆಟ್ಟಿಗೆ, ಸುತ್ತಿದ ಹಾಸಿಗೆ, ಕತ್ತು ಸೊಟ್ಟಗಾದ ದೀಪ, ಎಲ್ಲ ಹಾಳಾಗಿ ಹೋಗಲಿ. ಆದರೆ ಅವುಗಳ ಮೇಲೆ, ಕಾಲು ಮೇಲೆ ಮಾಡಿ, ಧೂಳು ಕೂರದಂತೆ ಪೂರ್ತಿ ಗೋಣಿ ಸುತ್ತಿ ಹಗ್ಗ ಕಟ್ಟಿದ್ದ ಬೆತ್ತದ ಕುರ್ಚಿ?

"ಕುರ್ಚಿ," ಎಂದ ಗುಜರಿಯವನು.

"ಅದೇ ಅಂಕಲ್ ಎಲ್ಲಕ್ಕಿಂತ ಮೊದಲು ಹೋಗಿದ್ದು!"

ಆ ಕುರ್ಚಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ಬಾಗಿಲು ಹಾಕಿದ ಫೋಟೋ ಸ್ಟುಡಿಯೋ ಒಂದರಿಂದ ಬಂದದ್ದು ಅದು. ಅದರ ಮೇಲೆ ಕೂತು ಎಷ್ಟು ಜನ ನಗುವ ಪ್ರಯತ್ನ ಮಾಡಿದ್ದರೋ. ಅಂಗಡಿಗೆ ಬಂದ ದಿನವೇ ಅವನ ಹೆಂಡತಿ ಅದರಲ್ಲಿ ಕೂತಳು. ಮಂಡಿನೋವಿನವಳು; ನೆಲದ ಮೇಲೆ ಕೂತರೆ ಏಳಲು ಗೋಡೆ ಬೇಕು, ಮಂಚದ ಮೇಲೆ ಕೂತರೆ ಕಾಲು ಜೋಮು. ಆ ಕುರ್ಚಿ ಅವಳಿಗಾಗಿಯೇ ಅಳತೆ ತೆಗೆದು ಮಾಡಿದಂತಿತ್ತು. "ಇದನ್ನ ಮಾರೋದಾದ್ರೆ ನನ್ನನ್ನೂ ಸೇರಿಸಿ ಮಾರ್‌ಬಿಡಿ," ಎಂದಿದ್ದಳು.

ಸುಮ್ಮನೆ ಹೇಳಿದ ಮಾತಲ್ಲ ಅದು. ಮದುವೆಯಾದ ಹೊಸದರಲ್ಲಿ ಅವಳು ಸ್ನಾನಕ್ಕೆ ಹೋಗಿದ್ದಾಗ, ಹಾಡುತ್ತಿದ್ದ ರೇಡಿಯೋವನ್ನು ಅವನು ಮಾರಿಬಿಟ್ಟಿದ್ದ. ಗಿರಾಕಿ ಒಳ್ಳೇ ಬೆಲೆ ಹೇಳಿದ್ದ, ಕೈ ತಡೆಯಲಿಲ್ಲ. ಅವಳು ತಲೆ ಒರೆಸಿಕೊಳ್ಳುತ್ತ ಬಂದಾಗ ಮನೆ ಬಿಕೋ ಎನ್ನುತ್ತಿತ್ತು. ಅಂದಿನಿಂದ ಮನೆಯಲ್ಲಿ ಬಾಚಣಿಗೆ ಕಾಣದಿದ್ದರೂ ಅವಳು ಕೇಳುವುದು ಒಂದೇ ಮಾತು: "ಎಷ್ಟಕ್ಕೆ ಮಾರಿದ್ರಿ?" ತಮಾಷೆಗೆಂದೇ ಕೇಳುತ್ತಾಳೆ. ಆದರೆ ಆ ತಮಾಷೆಗೆ ಅವನು ಒಂದು ದಿನವೂ ನಕ್ಕಿಲ್ಲ.

ಕುರ್ಚಿಯ ಬೆತ್ತ ಜೋತುಬಿದ್ದಾಗ ಹೊಸದಾಗಿ ಹೆಣೆಸಿ ತರುತ್ತೇನೆ ಎಂದು ಅವನೇ ಹೊತ್ತುಕೊಂಡು ಹೋದ. ಬೆಳಿಗ್ಗೆ ಹೆಣೆಯುವವನ ಹತ್ತಿರ ತೆಗೆದುಕೊಂಡು ನೇರ ಮನೆಗೆ ಹೋಗಿದ್ದರೆ ಆಗಿತ್ತು. ಉಗಿಯುವ ಚಪಲ, ಗಾಡಿ ಈ ಕಡೆ ತಿರುಗಿತು. ಈಗ ಮನೆಗೆ ಹೋಗಿ ಏನೆನ್ನುವುದು? ಕಳುವಾಯಿತು ಎಂದರೆ ನಂಬುವುದಿಲ್ಲ. ದಾನವಾಯಿತು ಎಂದರಂತೂ ಕೇಳುವುದೇ ಬೇಡ. ಈ ಊರಿನಲ್ಲಿ ಯಾರು ಬೇಕಾದರೂ ಏನು ಬೇಕಾದರೂ ದಾನ ಮಾಡಿಯಾರು, ನನ್ನ ಗಂಡನೊಬ್ಬನನ್ನು ಬಿಟ್ಟು ಎಂದು ಪ್ರಮಾಣ ಮಾಡಿ ಹೇಳಬಲ್ಲವಳು ಅವಳು.

"ನೋಡು ತಾಯಿ," ಎಂದು ಅವನು ಶುರು ಮಾಡಬೇಕೆನ್ನುವಷ್ಟರಲ್ಲಿ ಒಳಗಿನಿಂದ ಮೈಕಿನ ಸದ್ದು ಬಂತು. ಯಾವನೋ ಹುಡುಗ ಹೇಳುತ್ತಿದ್ದ. ಕೊಟ್ಟವರ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಅದಕ್ಕೇ ಹೆಸರು ಹೇಳುವುದಿಲ್ಲ. ಆದರೆ ಹಳೇ ಸಾಮಾನನ್ನೇ ನಂಬಿ ಬದುಕುವ ಒಬ್ಬ ಅಂಕಲ್ ಇವತ್ತು ತಮ್ಮ ಇಡೀ ಗಾಡಿಯನ್ನು ಗೆರೆಯ ಒಳಗೆ ತಂದು ನಿಲ್ಲಿಸಿದ್ದಾರೆ. ಅವರಿಗೊಂದು ಚಪ್ಪಾಳೆ.

ಬಾಗಿಲಲ್ಲಿ, ಕಿಟಕಿಗಳಲ್ಲಿ, ಮೆಟ್ಟಿಲ ಮೇಲೆ ಮುಖಗಳು ಕಾಣಿಸಿಕೊಂಡವು. ಚಪ್ಪಾಳೆ ಬಿತ್ತು. ಒಂದೆರಡಲ್ಲ, ಮರದ ಮೇಲಿನ ಹಕ್ಕಿಗಳು ಎದ್ದು ಹಾರುವಷ್ಟು. ಗುಜರಿಯವನು ತಬ್ಬಿಬ್ಬಾದ. ಅವನ ಆಯುಷ್ಯದಲ್ಲಿ ಯಾರೂ ಅವನಿಗೆ ಚಪ್ಪಾಳೆ ತಟ್ಟಿದವರಿಲ್ಲ. ಕೈ ತಟ್ಟಿ ಕರೆದವರು ಬೇಕಾದಷ್ಟು ಜನ. ತಾನು ಮಾಡದ ಕೆಲಸಕ್ಕೆ ಹೊಗಳಿಸಿಕೊಳ್ಳುವುದು ಕಳ್ಳತನ ಅನಿಸಿತು. ಆದರೆ ಕಳುವಾದದ್ದು ಅವನದೇ ಸಾಮಾನು. ಹಾಗಾದರೆ ಕಳ್ಳ ಯಾರು? ಅವನಿಗೆ ತಲೆಬುಡ ತಿಳಿಯಲಿಲ್ಲ. ಏನು ಮಾಡಲೂ ತೋಚದೆ ತಲೆಯ ಮೇಲಿನ ಟೋಪಿ ತೆಗೆದು, ಮತ್ತೆ ಹಾಕಿಕೊಂಡ. ಚಪ್ಪಾಳೆ ಇನ್ನೂ ಜೋರಾಯಿತು.

ಮುಖಗಳೆಲ್ಲ ಒಳಗೆ ಹೋದ ಮೇಲೆ ಅವನು ಸೀಟಿ ಹುಡುಗಿಯನ್ನು ಮರದ ಹಿಂದಕ್ಕೆ ಕರೆದ.

"ತಾಯಿ, ಉಳಿದಿದ್ದೆಲ್ಲ ಹೋಗ್ಲಿ. ಆ ಕುರ್ಚಿ ಕೊಡೋಕೆ ತಂದಿದ್ದಲ್ಲ. ನನ್ನ ಹೆಂಡ್ತಿದು ಅದು."

ಹುಡುಗಿಯ ಮುಖದ ಬಣ್ಣ ಇಳಿಯಿತು. ಗಾಡಿ, ಗೆರೆ, ಅವನ ಮುಖ, ಮೂರನ್ನೂ ಒಂದಾದ ಮೇಲೊಂದು ನೋಡಿದಳು.

"ಅಯ್ಯೋ. ಹಾಗಾದ್ರೆ ಬಕೆಟ್ಟು?"

"ಅದೂ ಅಲ್ಲ."

"ಹಾಸಿಗೆ?"

"ಯಾವ್ದೂ ಅಲ್ಲಮ್ಮ. ನಾನು ನಿಮಗೆ ಬೈಯೋಕೆ ಬಂದಿದ್ದೆ."

"ಮತ್ತೆ ಬೈಲಿಲ್ಲ ಯಾಕೆ?"

"ಟೀ ಕೊಟ್‌ಬಿಟ್ರಲ್ಲ."

ಅವಳಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸೀಟಿಯನ್ನು ಬಾಯಿಗಿಟ್ಟುಕೊಂಡು, ಊದದೆ ತೆಗೆದಳು. "ಈಗ್ಲೇ ಮೈಕಲ್ಲಿ ಹೇಳ್ತೀನಿ ಅಂಕಲ್, ತಪ್ಪಾಯ್ತು, ಎಲ್ಲ ವಾಪಸ್ ತಂದುಕೊಡಿ ಅಂತ," ಎಂದು ಹೊರಟೇಬಿಟ್ಟಳು.

"ಬೇಡ!" ಅವನು ಅಷ್ಟು ಜೋರಾಗಿ ಕೂಗಿದ್ದು ಅವನಿಗೇ ಆಶ್ಚರ್ಯ. ಚಪ್ಪಾಳೆಯ ಸದ್ದು ಇನ್ನೂ ಕಿವಿಯಲ್ಲಿತ್ತು. ಅದೇ ಮೈಕಿನಲ್ಲಿ ಅದನ್ನು ವಾಪಸು ತೆಗೆದುಕೊಳ್ಳುವುದನ್ನು ಕೇಳಿಕೊಂಡು ನಿಲ್ಲುವ ಧೈರ್ಯ ಅವನಿಗಿರಲಿಲ್ಲ. "ಮೈಕ್ ಬೇಡ. ಕುರ್ಚಿ ಯಾರು ತಗೊಂಡ್ರು ಅಷ್ಟು ಹೇಳು. ನಾನೇ ಕೇಳ್ಕೋತೀನಿ."

ಕುರ್ಚಿ ಒಯ್ದವನು ಕೊನೆಯ ವರ್ಷದ ಒಬ್ಬ ಉದ್ದನೆಯ ಹುಡುಗ. ಪುಸ್ತಕದ ಮೇಜಿನ ಹತ್ತಿರ ಸಿಕ್ಕಿದ. ಸೀಟಿ ಹುಡುಗಿಯೇ ನಿಯಮ ಮುರಿದು, ಒಯ್ದದ್ದು ಯಾಕೆ ಎಂದು ಕೇಳಿದಳು.

"ನನಗಲ್ಲ ಕಣೇ. ವಾಚ್‌ಮನ್ ಅಂಕಲ್‌ಗೆ," ಎಂದ ಆ ಹುಡುಗ. "ನಾನು ಈ ಕಾಲೇಜಿಗೆ ಬಂದಾಗಿಂದ ನೋಡ್ತಿದೀನಿ, ಆ ಮನುಷ್ಯ ಕಲ್ಲಿನ ಮೇಲೆ ಕೂತ್ಕೋತಾನೆ. ಕುರ್ಚಿ ಕೊಟ್ರೆ ನಿದ್ದೆ ಮಾಡ್ತಾನೆ ಅಂತ ಆಫೀಸಿನವರು ಕೊಡಲ್ವಂತೆ. ಯಾಕೆ, ಏನಾಯ್ತು?"

"ಏನೂ ಇಲ್ಲ," ಎಂದ ಗುಜರಿಯವನು. ಒಳಗೊಳಗೇ ಅವನಿಗೆ ಖುಷಿಯೇ ಆಯಿತು. ಓದಲು ಕೂರುವುದಕ್ಕೆಂದು ಯಾವಳೋ ಬಡ ಹುಡುಗಿ ಒಯ್ದಿದ್ದರೆ ಕೇಳಲು ನಾಲಗೆ ಏಳುತ್ತಿರಲಿಲ್ಲ. ವಾಚ್‌ಮನ್ ಆದರೆ ಏನು ಕಷ್ಟ? ಕಿತ್ತುಕೊಂಡು ಬಂದರಾಯಿತು. ಇಷ್ಟು ವರ್ಷ ಗೇಟಿನಲ್ಲಿ ಕಾಯಿಸಿದ್ದಕ್ಕೆ ಬಡ್ಡಿ ಸಮೇತ ತೀರಿಸಿದಂತೆಯೂ ಆಗುತ್ತದೆ.

"ನಾನೂ ಬರ್ಲಾ ಅಂಕಲ್?" ಎಂದಳು ಹುಡುಗಿ.

"ನೀನು ನಿನ್ನ ಸಂತೆ ನೋಡ್ಕೋ," ಎಂದು ಖಾಲಿ ಗಾಡಿ ತಳ್ಳಿಕೊಂಡು ಗೇಟಿನ ಕಡೆ ಹೊರಟ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಏಳೋ ಮೇಲೆ, ಎನ್ನಬೇಕು. ಯಾರ ಕುರ್ಚಿ ಗೊತ್ತಾ ಅದು, ಎನ್ನಬೇಕು. ಯಾರೂ ಮುಟ್ಟಲ್ಲ ಅಂದವನು ನೀನೇ ತಾನೇ, ಎಂದೂ ಕೇಳಬೇಕು.

ವಾಚ್‌ಮನ್ ಕುರ್ಚಿಯಲ್ಲಿ ಕೂತಿದ್ದ. ಕೂತಿದ್ದ ಎನ್ನುವುದಕ್ಕಿಂತ ತುದಿಯಲ್ಲಿ ಕುಕ್ಕರಿಸಿದ್ದ ಎನ್ನಬೇಕು. ಯಾರಾದರೂ ಬಂದು ಎಬ್ಬಿಸಿಯಾರು ಎಂಬ ಅಂಜಿಕೆ ಇನ್ನೂ ಹೋಗಿರಲಿಲ್ಲ. ಬೂಟು ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಬರಿಯ ಪಾದಗಳು ಊದಿಕೊಂಡು, ಕಾಲುಚೀಲದ ಅಂಚು ಕಚ್ಚಿದ ಕಡೆ ಗೆರೆ ಎದ್ದಿತ್ತು. ಗಾಡಿಯ ಸದ್ದು ಕೇಳಿ ಗಡಬಡಿಸಿ ಎದ್ದವನು, ಬಂದವನು ಇವನೇ ಎಂದು ಕಂಡು ಮತ್ತೆ ಕೂತ.

"ನೀನಾ? ನಾನು ಆಫೀಸಿನವರೋ ಏನೋ ಅಂದ್ಕೊಂಡೆ. ನೋಡಿದ್ಯಾ?" ಎಂದು ಕುರ್ಚಿಯ ಎರಡೂ ಕೈಗಳನ್ನು ಸವರಿದ. "ಹೊಸ ಬೆತ್ತ ಕಣಯ್ಯಾ. ಯಾರೋ ಪುಣ್ಯಾತ್ಮ ಹೆಣೆಸಿ, ಆಮೇಲೆ ಕೊಟ್ಟಿದಾನೆ. ಹಳೇದನ್ನೇ ಕೊಟ್ಟಿದ್ರೂ ಯಾರು ಕೇಳ್ತಿದ್ರು? ಹೆಣೆಸಿ ಕೊಡೋಕೆ ಮನಸ್ಸು ಬರಬೇಕಲ್ಲ."

ಗುಜರಿಯವನು ಗಾಡಿಯ ಹಿಡಿ ಹಿಡಿದುಕೊಂಡೇ ನಿಂತ. ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

"ನಿನ್ನ ಗಾಡಿ ಯಾಕೋ ಖಾಲಿ?" ಎಂದ ವಾಚ್‌ಮನ್.

"ಮಾರಾಟ ಆಯ್ತು."

"ಪುಗಸಟ್ಟೆ ಸಂತೇಲೂ ಮಾರಾಟ ಮಾಡಿದ್ಯಾ! ನೀನು ಬಿಡಪ್ಪಾ, ಅಸಾಧ್ಯ ಮನುಷ್ಯ," ಎಂದು ವಾಚ್‌ಮನ್ ಮನಸಾರೆ ನಕ್ಕು, ಮೊದಲ ಬಾರಿಗೆ ಬೆನ್ನನ್ನು ಕುರ್ಚಿಗೆ ಪೂರ್ತಿ ಒರಗಿಸಿದ.

ಗುಜರಿಯವನು ಹೊರಟ. ಯಾಕೆ ಕೇಳಲಿಲ್ಲ ಎಂಬುದು ಅವನಿಗೆ ತಿರುವಿನ ತನಕ ಹೋದರೂ ಹೊಳೆಯಲಿಲ್ಲ. ನಿಂತ, ವಾಪಸು ಹೋಗಲು ಗಾಡಿ ತಿರುಗಿಸಿದ, ಮತ್ತೆ ಮನೆಯ ಕಡೆಗೇ ತಿರುಗಿಸಿದ. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಬೈದುಕೊಂಡು ಹೋದ.

ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು, ಚೌಕಟ್ಟಿಗೆ ಒರಗಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು. ಗಾಡಿಯ ಕಡೆ ನೋಡಿದಳು, ಅವನ ಕಡೆ ನೋಡಿದಳು.

"ಎಷ್ಟಕ್ಕೆ ಮಾರಿದ್ರಿ?"

ಈ ಸಲ ಅದರಲ್ಲಿ ತಮಾಷೆ ಇರಲಿಲ್ಲ.

"ಮಾರಿಲ್ಲ ಕಣೇ. ಕೊಟ್ಟೆ."

"ಯಾರಿಗೆ?"

"ಕಾಲೇಜಿನ ವಾಚ್‌ಮನ್‌ಗೆ."

"ನಿಮ್ಮನ್ನ ಗೇಟಲ್ಲಿ ಅಡ್ಡ ಹಾಕ್ತಾನಲ್ಲ, ಅವನಿಗಾ?" ಅವಳು ಖಾಲಿ ಗಾಡಿಯನ್ನು ಇನ್ನೊಮ್ಮೆ ನೋಡಿದಳು. "ಸುಳ್ಳು ಹೇಳೋದಾದ್ರೆ ನಂಬೋ ಅಂಥದ್ದು ಹೇಳ್ರೀ. ಇಷ್ಟು ವರ್ಷ ಆಯ್ತು, ಅಷ್ಟೂ ಬರಲ್ವಾ ನಿಮಗೆ?"

ಅವನು ನಡೆದದ್ದನ್ನೆಲ್ಲ ಹೇಳಿದ. ಗೆರೆ, ಟೀ, ಚಪ್ಪಾಳೆ, ಉದ್ದನೆಯ ಹುಡುಗ. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಕಟ್ಟುಕಥೆಯಂತೆ ಕೇಳಿಸತೊಡಗಿತು. ಕೊಟ್ಟೆನೋ, ಕಳೆದುಕೊಂಡೆನೋ, ಯಾವುದು ನಿಜ ಎಂದು ಅವಳು ಒತ್ತಿ ಕೇಳಿಯಾಳು ಎಂದು ಅಂಜಿದ. ಅವಳು ಕೇಳಲಿಲ್ಲ. ಮಂಚದ ಅಂಚಿನಲ್ಲಿ ಕೂತು, ಮಂಡಿ ನೀವಿಕೊಳ್ಳುತ್ತ ಗೋಡೆ ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಬೆಳಿಗ್ಗೆ ಎದ್ದವಳೇ ಚಪ್ಪಲಿ ಮೆಟ್ಟಿ ನಿಂತಳು. "ನಡೀರಿ, ತೋರಿಸಿ."

ಅಷ್ಟು ದೂರ ನಡೆಯುವ ಶಕ್ತಿ ಅವಳ ಕಾಲಿಗಿರಲಿಲ್ಲ. ಗಾಡಿಯ ಮೇಲೆ ಗೋಣಿಚೀಲ ಹಾಸಿ ಅವಳನ್ನು ಕೂರಿಸಿಕೊಂಡ. ಕಾಲು ಇಳಿಬಿಟ್ಟು, ಮುಖ ಮುಂದೆ ಮಾಡಿ ಅವಳು ಕೂತಳು. ಬೆನ್ನು ಮಾತ್ರ ಅವನಿಗೆ ಕಾಣುತ್ತಿತ್ತು. ಬೀದಿಯ ಅಂಗಡಿಯವನು "ಏನಣ್ಣಾ, ಅಕ್ಕನ್ನೂ ಮಾರೋಕೆ ಹೊರಟ್ರಾ?" ಎಂದ. ಅವನೂ ನಗಲಿಲ್ಲ, ಅವಳೂ ನಗಲಿಲ್ಲ.

ಗೇಟಿನಲ್ಲಿ ವಾಚ್‌ಮನ್ ಇವತ್ತು ಕುರ್ಚಿಯನ್ನು ಹೊರಗೆ ಬಿಸಿಲಿಗೇ ತಂದು ಹಾಕಿಕೊಂಡಿದ್ದ, ಹೋಗುವವರು ಬರುವವರೆಲ್ಲ ನೋಡಲಿ ಎಂಬಂತೆ. ಗಾಡಿಯ ಮೇಲೆ ಹೆಂಗಸು ಕೂತಿರುವುದನ್ನು ಕಂಡು ಎದ್ದು ನಿಂತ.

"ಕುರ್ಚಿ ಚೆನ್ನಾಗಿದೆ," ಎಂದಳು ಅವಳು. "ಎಷ್ಟು ಕೊಟ್ರಿ ಅಣ್ಣಾ ಇದಕ್ಕೆ?"

"ಒಂದು ಕಾಸೂ ಇಲ್ಲ ಅಕ್ಕಾ. ಹುಡುಗರು ತಂದುಕೊಟ್ರು. ಕೊಟ್ಟ ಪುಣ್ಯಾತ್ಮ ಯಾರೋ ನನಗೂ ಗೊತ್ತಿಲ್ಲ. ಕೇಳೋ ಹಾಗಿಲ್ವಂತೆ."

ಅವಳು ತಿರುಗಿ ಗಂಡನನ್ನು ನೋಡಿದಳು. ಅಂಗಡಿಗೆ ಬಂದ ವಸ್ತುವನ್ನು ಅವನು ತಿರುಗಿಸಿ ಮುರುಗಿಸಿ ನೋಡುತ್ತಾನಲ್ಲ, ಹಾಗೆ. ಅವನು ಗಾಡಿಯ ಹಿಡಿಯ ನೀಲಿ ಬಟ್ಟೆಯನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ.

"ಇಳೀರಿ ಅಕ್ಕಾ, ಸ್ವಲ್ಪ ಕೂತ್ಕೊಳ್ಳಿ. ಕಾಲು ನೋವು ಅನ್ಸುತ್ತೆ," ಎಂದ ವಾಚ್‌ಮನ್.

ಅವಳು ಇಳಿದು ಕುರ್ಚಿಯಲ್ಲಿ ಕೂತಳು. ಕೂತ ರೀತಿಯಲ್ಲೇ ಏನೋ ಇತ್ತು. ನೋಡದೆಯೇ ಎರಡೂ ಕೈಗಳು ಅವುಗಳ ಜಾಗಕ್ಕೆ ಹೋದವು, ಬಲಗೈಯ ಹೆಬ್ಬೆರಳು ಕುರ್ಚಿಯ ಕೈಯ ತುದಿಯಲ್ಲಿ ಸವೆದಿದ್ದ ಗುಳಿಯಲ್ಲಿ ಕೂತಿತು. ವಾಚ್‌ಮನ್ ಆ ಬೆರಳನ್ನೇ ನೋಡಿದ. ಆಮೇಲೆ ಗಾಡಿಯನ್ನು, ಗುಜರಿಯವನನ್ನು ನೋಡಿದ. ಅವನ ಮುಖದ ನಗು ನಿಧಾನಕ್ಕೆ ಆರಿತು.

"ಅಕ್ಕಾ, ಇದು ನಿಮ್ದಾ?"

ಗುಜರಿಯವನು ಹೆಂಡತಿಯ ಬಾಯಿಯನ್ನೇ ನೋಡಿದ. ಹೌದು ಎಂದರೆ ಮುಗಿಯಿತು, ಕುರ್ಚಿ ಗಾಡಿಗೆ ಬರುತ್ತದೆ. ಬರಲಿ ಎಂದು ಅನಿಸಿತು. ಬರಬಾರದು ಎಂದೂ ಅನಿಸಿತು.

"ಅಲ್ಲಪ್ಪಾ," ಎಂದಳು ಅವಳು. "ನಮ್ದೂ ಹೀಗೇ ಇತ್ತು."

ಇನ್ನೂ ಸ್ವಲ್ಪ ಹೊತ್ತು ಕೂತಿದ್ದು, ವಾಚ್‌ಮನ್ ಕೊಟ್ಟ ಕೈ ಹಿಡಿದು ಎದ್ದಳು. "ಬಿಸಿಲಲ್ಲಿ ಇಡ್ಬೇಡಿ. ಬೆತ್ತ ಒಣಗಿ ಸೀಳುಬಿಡುತ್ತೆ," ಎಂದಳು. ವಾಚ್‌ಮನ್ ಕುರ್ಚಿಯನ್ನು ಎತ್ತಿ ನೆರಳಿಗೆ ಒಯ್ದ.

ಗಾಡಿ ಹತ್ತಿ ಕೂತ ಮೇಲೆ ಅವಳು ಗೇಟಿನ ಒಳಗೆ ಕತ್ತು ಚಾಚಿ ನೋಡಿದಳು. "ಆ ಪುಗಸಟ್ಟೆ ಸಂತೆ ಇವತ್ತೂ ಇದೆಯೇನ್ರೀ?"

"ಇವತ್ತೂ ಇದೆ. ಯಾಕೆ?"

"ಯಾಕೆ ಅಂದ್ರೆ? ನಾನು ಎಲ್ಲಿ ಕೂತ್ಕೋಬೇಕು? ತಳ್ಳಿ ಒಳಗೆ. ನನಗೂ ಒಂದು ಕುರ್ಚಿ ಬೇಕು."

ಅವನು ತಳ್ಳಿದ. ವಾಚ್‌ಮನ್ ಅಡ್ಡ ಬರಲಿಲ್ಲ. ಸಭಾಂಗಣದ ಮೆಟ್ಟಿಲ ಬಳಿ ಮರದ ನೆರಳು ನಿನ್ನೆಯ ಹಾಗೆಯೇ ಬಿದ್ದಿತ್ತು. ಸುಣ್ಣದ ಗೆರೆಯನ್ನು ಬೆಳಿಗ್ಗೆ ಹೊಸದಾಗಿ ಎಳೆದಿದ್ದರು. ದೂರದಿಂದ ಸೀಟಿ ಹುಡುಗಿ ಇವನನ್ನು ಕಂಡು ಕೈ ಬೀಸಿ, ಇಬ್ಬರು ಹುಡುಗರನ್ನು ಜೊತೆಗೆ ಕರೆದುಕೊಂಡು ಇಳಿದು ಬರುತ್ತಿದ್ದಳು.

ಗಾಡಿಯ ಮುಂದಿನ ಚಕ್ರ ಗೆರೆಯ ಹತ್ತಿರ ಬಂತು. ಗುಜರಿಯವನು ಗಕ್ಕನೆ ನಿಂತ. ಬಗ್ಗಿ ನೋಡಿ, ಗಾಡಿಯನ್ನು ಹಿಂದಕ್ಕೆಳೆದ. ಸಾಲದು ಅನಿಸಿ ಇನ್ನೂ ಒಂದು ಮೊಳ ಎಳೆದ.

"ಯಾಕ್ರೀ, ನೆರಳಲ್ಲಿ ನಿಲ್ಸಬಾರದಾ?" ಎಂದಳು ಅವಳು, ತಿರುಗದೆ.

ಅವನು ಸುತ್ತ ಹುಡುಕಿ ಒಂದು ಕಲ್ಲು ತಂದು ಚಕ್ರಕ್ಕೆ ಒತ್ತು ಕೊಟ್ಟ. ಕಾಲಿನಿಂದ ಒಮ್ಮೆ ಒದ್ದು, ಗಾಡಿ ಮುಂದಕ್ಕೆ ಉರುಳುವುದಿಲ್ಲ ಎಂದು ನೋಡಿಕೊಂಡ.